ಹಲಗೆಯಿಂದ ತೆಗೆದ ಚೀಟಿ

ಶುಕ್ರವಾರ, 13 ಮೇ 1994. ಸಂಜೆ 5

ಅಡಿಲೇಡ್. ಮೋಟೆಲ್ ರೂಮು ಸಣ್ಣದು, ಕೆಟಲ್ ಮಾತ್ರ ಚೆನ್ನಾಗಿದೆ. ಮಧ್ಯಾಹ್ನವೆಲ್ಲ ಮಗಳು ಲಿಯಾನ್ ಜೊತೆ ಕೂತು ಹೆಸರಿನ ಬಿಲ್ಲೆಗಳಿಗೆ ಪಿನ್ನು ಚುಚ್ಚಿ ಬೆರಳು ಉರಿಯುತ್ತಿದೆ. ಅವಳ ಜೊತೆ ದತ್ತು ಸಮ್ಮೇಳನಕ್ಕೆ ಬರುವುದು ಇದು ನಾಲ್ಕನೇ ವರ್ಷ. ದತ್ತು ಹೋದವರು, ಹೆತ್ತು ಕೊಟ್ಟವರು, ನನ್ನಂತೆ ಪಡೆದು ಸಾಕಿದವರು — ಎಲ್ಲರೂ ಒಂದೇ ಸಭಾಂಗಣದಲ್ಲಿ. ನನ್ನಂಥವರಿಗೆ ಅಲ್ಲಿ ಮಾತು ಕಡಿಮೆ, ಚಹಾ ಕಪ್ಪು ತೊಳೆಯುವ ಕೆಲಸ ಹೆಚ್ಚು.

ಗೋಡೆಗೆ ಎಂದಿನಂತೆ ಹಲಗೆ ನಿಲ್ಲಿಸಿದ್ದಾರೆ. ಹುಡುಕುತ್ತಿರುವವರು ಅದಕ್ಕೆ ಚೀಟಿ ಚುಚ್ಚುತ್ತಾರೆ — ಹುಟ್ಟಿದ ದಿನ, ಊರು, ಗಂಡೋ ಹೆಣ್ಣೋ, ಫೋನ್ ನಂಬರು. ಮೂರು ವರ್ಷ ಲಿಯಾನ್ ಚುಚ್ಚಿದಳು. ದತ್ತಿನ ಕಾಗದಪತ್ರದಲ್ಲಿ ಅವಳನ್ನು ಹೆತ್ತವಳ ಹಳೆಯ ಹೆಸರು ಸಿಕ್ಕಿತ್ತು, ಇವೊನ್ ಕೆಸೆಲ್. ಆ ಹೆಸರಿನವಳು ಎಲ್ಲೂ ಇಲ್ಲ. ಮದುವೆಯಾಗಿ ಹೆಸರು ಬದಲಾಗಿರಬೇಕು.

"ಈ ಸಲ ಚೀಟಿ ಹಾಕಲ್ಲಮ್ಮ. ಭಾನುವಾರ ಕೊನೇಲಿ ಒಂದ್ಸಲ ಹಲಗೆ ನೋಡ್ತೀನಿ. ಇಲ್ಲಾಂದ್ರೆ ಬಿಟ್ಟುಬಿಡ್ತೀನಿ," ಎಂದಳು.

ಸಮಾಧಾನವಾಯಿತು. ನಾಚಿಕೆಯಿಲ್ಲದೆ ಬರೆಯುತ್ತಿದ್ದೇನೆ — ಸಮಾಧಾನವಾಯಿತು.

ಶನಿವಾರ, 14 ಮೇ. ಮಧ್ಯಾಹ್ನ 1.30

ಹೆಂಗಸರ ಟಾಯ್ಲೆಟ್‌ನಲ್ಲಿ ಚಿಲಕ ಹಾಕಿಕೊಂಡು ಬರೆಯುತ್ತಿದ್ದೇನೆ. ಊಟಕ್ಕೆ ಎಲ್ಲರೂ ಹೊರಗೆ ಹೋದರು. ಸುಮ್ಮನೆ ಹಲಗೆಯ ಮುಂದೆ ನಿಂತೆ. ಹೊಸ ಚೀಟಿ. ಹೆಣ್ಣು ಮಗು. 11 ಆಗಸ್ಟ್ 1966, ಲಿಯಾನ್ ಹುಟ್ಟಿದ ದಿನ. ಅಡಿಲೇಡ್. ಆಗ ನನ್ನ ಹೆಸರು ಇವೊನ್ ಕೆಸೆಲ್. ಪರ್ತ್‌ನ ನಂಬರು. ಕೊನೆಯಲ್ಲಿ ಒಂದು ಸಾಲು — ಅಳು ಕೇಳಿಸಿತು, ಮುಖ ತೋರಿಸಲಿಲ್ಲ.

ಪಿನ್ನು ಕಿತ್ತೆ. ಚೀಟಿ ಹ್ಯಾಂಡ್‌ಬ್ಯಾಗಿಗೆ ಹೋಯಿತು. ಹೋಯಿತಂತೆ, ಅದಕ್ಕೆ ಕಾಲಿದ್ದ ಹಾಗೆ. ಹಾಕಿದ್ದು ನಾನು. ಮರ್ಲ್ ಟ್ರೆಂಬತ್, ಅರವತ್ತಾರು ವರ್ಷ, ಚರ್ಚಿನ ಹೂವಿನ ಸರದಿ ನೋಡಿಕೊಳ್ಳುವವಳು.

ಅದೇ ದಿನ, ಸಂಜೆ 6

ಲಿಯಾನ್ ಮಾಂಸದ ಹೂರಣದ ಪ್ಯಾಸ್ಟಿ ತಂದಳು. ಈ ನಗರದವರು ಅದಕ್ಕೂ ಕ್ಯಾರೆಟ್ ತುರುಕುತ್ತಾರೆ. ಅರ್ಧ ಹಾಗೇ ಬಿಟ್ಟೆ. ಯಾಕೆ ಬಿಳಿಚಿಕೊಂಡಿದ್ದೀಯ ಎಂದು ಕೇಳಿದಳು. ಗ್ಯಾಸು ಎಂದೆ.

ನನ್ನ ಗಂಡ ಕ್ಲೆಮ್ ತೀರಿಹೋದ ಮೇಲೆ ನನಗೆ ಉಳಿದವಳು ಇವಳೊಬ್ಬಳೇ. ಭಾನುವಾರದ ಫೋನು, ಕ್ರಿಸ್‌ಮಸ್, ಜ್ವರ ಬಂದರೆ ಓಡಿ ಬರುವುದು... ಹಂಚಿಕೊಳ್ಳಲು ಭಯ. ಹೊಟ್ಟೆಕಿಚ್ಚೂ ಹೌದು. ಅವಳು ಹುಡುಕಲಿ ಎಂದು ನಾಲ್ಕು ವರ್ಷ ಜೊತೆಗೆ ಬಂದವಳು ನಾನೇ. ಸಿಗುವುದಿಲ್ಲ ಎಂಬ ಧೈರ್ಯದ ಮೇಲೆ ಬಂದೆ, ಅಷ್ಟೇ.

ನಾಳೆ ಎಲ್ಲರಿಗಿಂತ ಮೊದಲು ಹೋಗಿ ವಾಪಸ್ ಚುಚ್ಚಬೇಕು.

ಭಾನುವಾರ, 15 ಮೇ. ಸಂಜೆ 4

ಚುಚ್ಚಲಿಲ್ಲ. ಹಲಗೆಯ ಹತ್ತಿರ ಯಾವಾಗಲೂ ಯಾರಾದರೂ ಇದ್ದರು. ಸುಳ್ಳು. ಎರಡು ಸಲ ಯಾರೂ ಇರಲಿಲ್ಲ.

ಹತ್ತೂವರೆಗೆ ಕಪ್ಪು ತೊಳೆಯುತ್ತಿದ್ದೆ. ನೀಲಿ ಸ್ವೆಟರಿನ ತೆಳ್ಳನೆಯ ಹೆಂಗಸೊಬ್ಬಳು ಪಕ್ಕಕ್ಕೆ ಬಂದು, ಬಟ್ಟೆ ತೆಗೆದುಕೊಂಡು ಒರೆಸತೊಡಗಿದಳು. ಎದೆಯ ಬಿಲ್ಲೆಯಲ್ಲಿ ಇವೊನ್. ನನ್ನ ಕೈಯಲ್ಲಿದ್ದ ಕಪ್ಪು ನೀರಿಗೆ ಬಿತ್ತು. ತನ್ನ ಚೀಟಿ ಹಲಗೆಯಲ್ಲಿ ಕಾಣುತ್ತಿಲ್ಲ, ಬಿದ್ದು ಕಸಕ್ಕೆ ಹೋಗಿರಬೇಕು ಎಂದಳು. ಎರಡು ಗಂಟೆಗೆ ಪರ್ತ್ ವಿಮಾನವಂತೆ.

"ನನ್ನ ಕೈ ನಡುಗುತ್ತೆ. ನೀವೇ ಬರೆದುಕೊಡ್ತೀರಾ?"

ಕೈ ಒರೆಸಿಕೊಂಡೆ. ಅವಳು ಹೇಳಿದಳು, ನಾನು ಬರೆದೆ. ಅವಳು ಹೇಳುವ ಮೊದಲೇ ದಿನಾಂಕ ಬರೆದುಬಿಟ್ಟೆನೋ ಏನೋ... ನೆನಪಿಲ್ಲ. ಅವಳೇ ಹೋಗಿ ಚುಚ್ಚಿದಳು. ಈ ಸಲ ಕೀಳಲು ನನಗೆ ಕೈ ಬರಲಿಲ್ಲ.

ಹನ್ನೆರಡಕ್ಕೆ ಲಿಯಾನ್ ಹಲಗೆ ನೋಡಲು ಹೋದಳು. ಬಹಳ ಹೊತ್ತು ಬೆನ್ನು ಮಾತ್ರ ಕಾಣುತ್ತಿತ್ತು. ಆಮೇಲೆ ತಿರುಗಿದಳು.

"ಅಮ್ಮ, ಇದು ನಿನ್ನ ಕೈಬರಹ."

ಆಚೆ ಇವೊನ್ ಕುರ್ಚಿಯಿಂದ ಎದ್ದು ನಿಂತಿದ್ದಳು. ಇಬ್ಬರ ಗಲ್ಲವೂ ಒಂದೇ ಥರ. ಅಡುಗೆಮನೆಗೆ ಹೋಗಿ ತೊಳೆದ ಕಪ್ಪುಗಳನ್ನೇ ಮತ್ತೆ ತೊಳೆದೆ. ಎರಡು ಗಂಟೆಯ ವಿಮಾನಕ್ಕೆ ಅವಳು ಹೋಗಲಿಲ್ಲ.

ಗುರುವಾರ, 26 ಮೇ

ಮೂಂಟ, ನಮ್ಮೂರು. ಮನೆ. ಹನ್ನೊಂದು ದಿನ ಬರೆಯಲಿಲ್ಲ.

ಅಮ್ಮ ಬರೆಯದಿದ್ದರೆ ಏನೂ ಆಗುತ್ತಿರಲಿಲ್ಲ ಎಂದು ಲಿಯಾನ್ ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದಾಳೆ. ಪಾದ್ರಿ ಕೈ ಕುಲುಕಿದರು. ಬೇಕರಿಯವಳು ನನ್ನನ್ನು ತಬ್ಬಿಕೊಂಡು ಒಂದು ಬನ್ನು ಸುಮ್ಮನೆ ಕೊಟ್ಟಳು. ಅದನ್ನು ಕೋಳಿಗಳಿಗೆ ಹಾಕಿದೆ.

ಮುಂದಿನ ವಾರ ಶನಿವಾರ ಇವೊನ್ ಮತ್ತೆ ಬರುತ್ತಾಳೆ. ನಮ್ಮ ಮನೆಯಲ್ಲೇ ಊಟ. ಚೀಟಿ ಇನ್ನೂ ಬ್ಯಾಗಿನಲ್ಲಿದೆ. ಸುಟ್ಟುಬಿಡೋಣವೆಂದು ಎರಡು ಸಲ ಒಲೆಯ ಮುಂದೆ ನಿಂತೆ.

ಶನಿವಾರ, 4 ಜೂನ್. ಬೆಳಿಗ್ಗೆ 11.20

ಕುರಿಯ ತೊಡೆ ಓವನ್ನಿನಲ್ಲಿದೆ. ಇವೊನ್ ಊರಿನ ಮೋಟೆಲಿನಲ್ಲಿ ಇಳಿದಿದ್ದಾಳೆ. ಊಟಕ್ಕೆ ಬರುವ ಮೊದಲೇ ಹೇಳಿಬಿಡೋಣವೆಂದು ಫೋನ್ ಮಾಡಿದೆ. ಒಂದೇ ಉಸಿರಿಗೆ — ಚೀಟಿ ಬಿದ್ದಿರಲಿಲ್ಲ, ಕಿತ್ತವಳು ನಾನು.

"ಗೊತ್ತು ಮರ್ಲ್. ಬಾಗಿಲ ಹತ್ರ ನಿಂತಿದ್ದೆ. ಬ್ಯಾಗಿಗೆ ಹಾಕೋದು ನೋಡ್ದೆ."

ಮತ್ತೆ ನನ್ನಿಂದಲೇ ಯಾಕೆ ಬರೆಸಿದಿರಿ ಎಂದೆ.

"ಸಾಕಿದೋರಿಗಲ್ದೆ ಇನ್ಯಾರಿಗೆ ಬೇಕು ಆ ಚೀಟಿ? ಮಗು ಬದುಕಿದೆ ಅಂತ ನಂಗೆ ಗೊತ್ತಾಗಿದ್ದೇ ನೀವು ಅದನ್ನ ಕದ್ದಾಗ. ಗಲಾಟೆ ಮಾಡಿದ್ರೆ ನೀವು ಎದ್ದು ಹೋಗ್ತಿದ್ರಿ, ನಿಮ್ಮ ಹಿಂದೆ ಅವಳೂ. ಸ್ವಂತ ಕೈಲಿ ಬರೆದಿದ್ದನ್ನ ಯಾರೂ ಕೀಳಲ್ಲ. ನನ್ನ ಕೈ ನಡುಗಲ್ಲ ಮರ್ಲ್. ಇಪ್ಪತ್ತು ವರ್ಷದಿಂದ ಹೊಲಿಗೆ ಮಾಡ್ತಿರೋಳು."

ಲಿಯಾನ್‌ಗೆ ಹೇಳುತ್ತೀರಾ ಎಂದು ಕೇಳಿದೆ.

"ನಾನ್ಯಾಕೆ ಹೇಳ್ಲಿ? ಅವಳ ಹತ್ರ ನಂಗಿನ್ನೂ ಅಷ್ಟು ಸಲಿಗೆ ಎಲ್ಲಿದೆ? ನಿಮಗಿದೆ."

ಹೇಳಬೇಕು. ಊಟಕ್ಕೆ ಮೊದಲೇ. ಅತ್ತರೂ ಸರಿ, ಬೈದರೂ ಸರಿ, ಎದ್ದು ಹೋದರೆ... ಚೀಟಿಯನ್ನು ಮೇಜಿನ ಮೇಲೆ ಇಟ್ಟಿದ್ದೇನೆ, ಬಟಾಣಿಯ ಬಟ್ಟಲಿನ ಪಕ್ಕ. ಮೊದಲ ಮಾತು ಯಾವುದು? ಲಿಯಾನ್, ಕೂತುಕೋ... ಅಲ್ಲ. ಲಿಯಾನ್, ನೀನು ತಿಳಿದಿರುವ ಹಾಗೆ... ಅದೂ ಅಲ್ಲ.

ಕಾರು ಬಂತು. ಕಾರಿನ ಬಾಗಿಲು ಬಡಿದದ್ದು ಒಂದೇ ಸಲ, ಲಿಯಾನ್ ಒಬ್ಬಳೇ ಬಂದಿದ್ದಾಳೆ. ಮೆಟ್ಟಿಲು ಹತ್ತುತ್ತಿದ್ದಾಳೆ. ಲಿಯಾನ್, ಅವತ್ತು ಹಲಗೆಯಿಂದ ನಾನು