ತೊಳೆದ ಎಲೆಗಳು

ಮರಗಳ ಅಧಿಕಾರಿಗಳಿಗೆ ನಮಸ್ಕಾರ.

ನಾನು ವೃತ್ತದ ಪಕ್ಕದ ಮೂಲೆಮನೆಯ ದರ್ಜಿ. ಹೊಗೆ, ಧೂಳು ತಡೆಯಲು ರಸ್ತೆಯಲ್ಲಿ ಯಾವ ಮರ ಉಳಿಸಬೇಕು, ಯಾವುದನ್ನು ತೆಗೆದು ಬೇರೆ ಸಸಿ ನೆಡಬೇಕು ಎಂದು ನೋಡಲು ಮೊನ್ನೆ ಬಂದಿದ್ದಿರಿ. ನಮ್ಮ ಹೊಂಗೆಯ ಎಲೆಯನ್ನು ಬಿಳಿ ಬಟ್ಟೆಯಲ್ಲಿ ಒರೆಸಿ, "ಇದು ಧೂಳು ಹಿಡಿಯೋದೇ ಇಲ್ವಲ್ಲಮ್ಮ" ಎಂದು ಕಡಿಯಲು ಕಾಂಡಕ್ಕೆ ಕೆಂಪು ಗುರುತು ಹಾಕಿ ಹೋದಿರಿ.

ತಪ್ಪು ಮರದ್ದಲ್ಲ, ನನ್ನದು. ನೀವು ಬರುವ ಸುದ್ದಿ ಕೇಳಿ, ಸ್ಕೂಲಿಗೆ ಕಳಿಸುವ ಮಗುವಿನ ಮುಖ ತೊಳೆದ ಹಾಗೆ, ಬೆಳಿಗ್ಗೆಯೇ ಏಣಿ ಹಾಕಿ ಕೈಗೆಟುಕಿದ ಎಲೆಯನ್ನೆಲ್ಲ ತೊಳೆದಿದ್ದೆ. ಕೊಳೆ ಹಿಡಿದ ಮರಕ್ಕೇ ಹೆಚ್ಚು ಅಂಕ ಎಂದು ಯಾರಿಗೆ ಗೊತ್ತಿತ್ತು? ನೀವಾದರೂ ಮೊದಲೇ ಒಂದು ಮಾತು ಹೇಳಬಾರದಿತ್ತೇ?

ದಯವಿಟ್ಟು ಹದಿನೈದು ದಿನ ಬಿಟ್ಟು ಮತ್ತೆ ಬನ್ನಿ. ನೀರಿನ ಪೈಪು ಸುತ್ತಿಟ್ಟಿದ್ದೇನೆ. ಬಿಳಿ ಬಟ್ಟೆ ನಾನೇ ಕೊಡುತ್ತೇನೆ.

ನಮ್ಮ ಮನೆಯವರು ಇದೇ ವೃತ್ತದಲ್ಲಿ ಇಪ್ಪತ್ತೆಂಟು ವರ್ಷ ಟ್ರಾಫಿಕ್ ಪೊಲೀಸ್ ಆಗಿದ್ದರು. ಸಂಜೆ ಅವರ ಕರವಸ್ತ್ರ ಒಗೆದರೆ ನೀರು ಕಪ್ಪಗಾಗುತ್ತಿತ್ತು. ಆ ಮರ ನೆಟ್ಟವರೂ ಅವರೇ. ಈಗ ಮಲಗಿದರೆ ಉಸಿರು ಕಟ್ಟುತ್ತದೆಂದು ಅದರ ಎದುರಿನ ಕಿಟಕಿಯ ಬಳಿ, ದಿಂಬಿಗೆ ಒರಗಿ ಕೂತೇ ನಿದ್ದೆ ಮಾಡುತ್ತಾರೆ. ಕೆಂಪು ಗುರುತಿನ ವಿಷಯ ಅವರಿಗೆ ಹೇಳಿಲ್ಲ.

ಎಲೆ ಒರೆಸಿದ ಬಟ್ಟೆಯನ್ನು ಮಾತ್ರ ನನಗೇ ಬಿಟ್ಟುಹೋಗಿ. "ನೋಡಿ, ಇಷ್ಟು ನಿಮ್ಮ ಎದೆಗೆ ಹೋಗ್ಲಿಲ್ಲ" ಎಂದು ಅವರಿಗೆ ತೋರಿಸಬೇಕು.

ಇಂತಿ,
ಏಣಿಯನ್ನು ಪಕ್ಕದ ಮನೆಗೆ ವಾಪಸ್ ಕೊಟ್ಟಿರುವ
ಮೂಲೆಮನೆ ದರ್ಜಿ