ಕತ್ತು ನಿಲ್ಲುವ ಕಾಲ

ನೆಲಹುಣ್ಣಿಮೆಯ ಮರುದಿನ, ಕ್ರಿಸ್ತಶಕ ೨೪೧೨
ಹಾಲ್ಗಡಲ ನೆಲೆ, ಚಂದ್ರ

ಹಿಂದಿನ ಕಾಲದವರೇ,

ನನ್ನ ಮಾತಿನಲ್ಲಿ ಗುರುತು ಸಿಗದ ಪದಗಳು ಬಂದರೆ ಹೊಟ್ಟೆಗೆ ಹಾಕಿಕೊಳ್ಳಿ. ನೀವು ಅಂಗಳದಲ್ಲಿ ನಿಂತು ಚಂದ್ರನನ್ನು ನೋಡುವಂತೆ ನಾವು ಗಾಜಿನ ಚಾವಣಿಯ ಕೆಳಗೆ ಮಲಗಿ ಭೂಮಿಯನ್ನು ನೋಡುತ್ತೇವೆ. ಅದು ಪೂರ್ತಿ ಬೆಳಗುವ ದಿನವೇ ನೆಲಹುಣ್ಣಿಮೆ. ಆಗ ಹಾಲಿನ ಪಾತ್ರೆಗೂ ನೀಲಿ ಬಣ್ಣ ಬಂದಿರುತ್ತದೆ, ಮಕ್ಕಳು ಮಲಗಲು ಒಪ್ಪುವುದಿಲ್ಲ.

ಇಲ್ಲಿ ಎಲ್ಲವೂ ಹಗುರ. ಅನ್ನದ ತಪ್ಪಲೆ ಹಗುರ, ಮುಪ್ಪು ಹಗುರ, ತಲೆಯಂತೂ ಇದೆಯೋ ಇಲ್ಲವೋ ಎನ್ನುವಷ್ಟು ಹಗುರ. ಹಾಗಾಗಿ ನಮ್ಮ ಕತ್ತುಗಳು ಬಾಡಿದ ಹೂವಿನ ದಂಟಿನಂತಾಗಿವೆ. ಭೂಮಿಗೆ ಇಳಿಯುವವರು ಮೊದಲು ಗರಡಿಗೆ ಹೋಗಿ ಕತ್ತು ಬಲಪಡಿಸಿಕೊಳ್ಳಬೇಕು. ಇಲ್ಲವಾದರೆ ವೈದ್ಯರು ನೌಕೆ ಹತ್ತಲು ಬಿಡುವುದಿಲ್ಲ.

ನನ್ನ ಮಗಳು ಮೇದಿನಿ ಎಳೆಯ ವಯಸ್ಸಿನಲ್ಲೇ ಇಳಿದುಹೋಗಿ ಗದಗಿನಲ್ಲಿ ಮನೆ ಮಾಡಿದವಳು. ಈಗ ಹೆತ್ತಿದ್ದಾಳೆ. ಕೂಸಿನ ಕತ್ತು ನಿಲ್ಲುವ ಮೊದಲೇ ಹೋಗಿ ಅದರ ತಲೆಯ ಕೆಳಗೆ ನನ್ನ ಅಂಗೈ ಇಡಬೇಕೆಂದು ಹಟ ಹಿಡಿದೆ. ಮಗಳ ಬಾಣಂತನಕ್ಕೆ ಒದಗದ ತಾಯಿ ಎನಿಸಿಕೊಳ್ಳಲು ನನಗೆ ಮನಸ್ಸಿರಲಿಲ್ಲ.

ಚಂದ್ರನ ಧೂಳು ತುಂಬಿದ ಟೋಪಿ ಹಾಕಿಕೊಂಡು ದಿನವಿಡೀ ಓಡಾಡಿದೆ. ತಲೆಗಿಂತ ಮುಂಡಾಸೇ ಭಾರವಾಯಿತೆಂದು ಓರಗೆಯವರು ನಕ್ಕರು. ನಗಲಿ ಬಿಡಿ. ಟೋಪಿಗೆ ಧೂಳು ಏರುತ್ತ ಹೋಯಿತು, ನಾನು ಕಂಬದಂತೆ ನೆಟ್ಟಗೆ ನಡೆದೆ. ನಮ್ಮವರು ಕಲಿಯುವುದು ಹೀಗೆ ತಲೆ ಎತ್ತಿ ಹಿಡಿಯುವುದನ್ನಷ್ಟೇ, ಏಕೆಂದರೆ ನಮಗೆ ಪ್ರಿಯವಾದದ್ದೆಲ್ಲ ತಲೆಯ ಮೇಲಿನ ಭೂಮಿಯಲ್ಲೇ ಇದೆ. ನಾನು ಬೀಗುವುದನ್ನು ನೋಡಿ ಗರಡಿಯ ಉಸ್ತಾದ್ ಮೀರಾಸಾಬರು ಟೋಪಿ ತೆಗೆಸಿದರು. ಹಣೆಗೆ ಪಟ್ಟಿ ಕಟ್ಟಿ, ಅದರಿಂದ ಧೂಳಿನ ಚೀಲವೊಂದನ್ನು ಎದೆಯ ಮುಂದೆ ಇಳಿಬಿಟ್ಟರು.

“ತಲಿ ಎತ್ತಿ ಹಿಡಿಯೂದು ಎಲ್ಲಾರಿಗೂ ಬರತೈತಿ ಅಕ್ಕಾರ. ಮಮ್ಮಗಳು ಇರೂದು ತೊಡಿ ಮ್ಯಾಲ. ಬಗ್ಗೂದು ಕಲೀರಿ.”

ಬಗ್ಗಿದೆ. ಏಳಲಾಗಲಿಲ್ಲ. ಗದ್ದ ಎದೆಗೆ ಅಂಟಿಕೊಂಡಿತು, ಅವಮಾನದಿಂದ ಕಣ್ಣು ತುಂಬಿತು. ಉಸ್ತಾದರು ಚೀಲದಿಂದ ಒಂದು ಹಿಡಿ ಧೂಳು ತೆಗೆದು ಮತ್ತೆ ಬಗ್ಗಲು ಹೇಳಿದರು. ದಿನ ಕಳೆದಂತೆ ಆ ಧೂಳು ಚೀಲಕ್ಕೆ ಮರಳಿತು, ಅದರ ಮೇಲೆ ಇನ್ನಷ್ಟು ಬಿತ್ತು. ಕನಸಿನಲ್ಲೂ ಬಗ್ಗುತ್ತಿದ್ದೆ. ತೊಡೆಯ ಮೇಲೆ ಕೂಸು ಇರುತ್ತಿತ್ತು, ಮುಖದ ಜಾಗದಲ್ಲಿ ನೀಲಿ ಬೆಳಕಷ್ಟೇ ಕಾಣುತ್ತಿತ್ತು.

ನಿನ್ನೆ ವೈದ್ಯರು ಹೂಂ ಎಂದರು. ಆದರೆ ಕತ್ತು ಇನ್ನೂ ಅರೆಗಟ್ಟಿ, ಇಳಿದ ಮೇಲೆ ಕೆಲಕಾಲ ಯಾರಾದರೂ ತಲೆಗೆ ಆಸರೆಯಾಗಿರಲೇಬೇಕು ಎಂದು ಷರತ್ತು ಹಾಕಿದರು. ಯಾರ ಕೈಯನ್ನೂ ಬೇಡಿದ ಹೆಂಗಸಲ್ಲ ನಾನು. ನನಗೆ ಸಿಟ್ಟೇ ಬಂತು. ಮನೆಗೆ ಬಂದರೆ ಮೇದಿನಿಯ ದನಿ ಕಾದಿತ್ತು.

“ಕೂಸಿನ ಕುತ್ತಿಗಿ ನಿಂತೈತಿ ಯವ್ವಾ. ನನ್ನ ಅಂಗೈ ಈಗ ಖಾಲಿ ಐತಿ, ನಿನ್ನ ತಲಿಗೆ ಕೊಡತೀನಿ. ಬಾ.”

ತಡವಾಯಿತೆಂದು ಅತ್ತೆ, ಕೈ ಸಿಕ್ಕಿತೆಂದೂ ಅತ್ತೆ. ನಾಳೆ ಇಳಿಯುತ್ತಿದ್ದೇನೆ. ನಿಮ್ಮ ತೊಡೆಯ ಮೇಲೆ ಈಗ ಕೂಸಿದ್ದರೆ ಈ ಕಾಗದವನ್ನು ಬದಿಗಿಟ್ಟು ಬಗ್ಗಿ ನೋಡಿ. ನಿಮಗೆ ಅದು ಪುಕ್ಕಟೆ.

ಮೇದಿನಿಯ ತಾಯಿ,
ಚೆನ್ನಾಂಬಿಕೆ