ಭಾವ ಆಫ್ ಮಾಡಿದ ಸ್ವಿಚ್ಚು

ಮಾರ್ಚ್ 3, ಸೋಮವಾರ

ಇವತ್ತೂ ಅದೇ ರಾಮಾಯಣ. ವಾಷಿಂಗ್ ಮೆಷಿನ್ ಕೆಟ್ಟವರು ಫೋನ್ ಮಾಡುತ್ತಾರೆ. ಮನೆಯಲ್ಲೇ ಕೂತು ಕಂಪ್ಯೂಟರಿನಲ್ಲಿ ಕಾಲ್ ಎತ್ತಿ "ನಮಸ್ಕಾರ, ಹೇಳಿ" ಎನ್ನುತ್ತೇನೆ. ಅವರ ಮಾತು ನನಗೆ ಸ್ಪಷ್ಟ. ನನ್ನದು ಅವರಿಗೆ ಸೊನ್ನೆ. "ಹಲೋ? ಹಲೋ? ಎತ್ತಿ ಸುಮ್ನಿದಾರೆ ಕಣ್ರೀ..." ಆಮೇಲೆ ಬೈಗುಳ. ಒಬ್ಬ ಹೆಂಗಸು, ಮನೆಯೆಲ್ಲ ನೀರಂತೆ, ನನ್ನ ಜನ್ಮ ಜಾಲಾಡಿದಳು. ಕೂತು ಕೇಳಿದೆ. ಕಿರುಚಿದರೂ ಹೋಗುವುದಿಲ್ಲವಲ್ಲ!

ಟೀಮ್ ಲೀಡ್ ಮೆಸೇಜು: ಕಾಲ್ ಎತ್ತಿ ಮಾತಾಡದೆ ಕೂರುತ್ತೀರಂತೆ, ಕಂಪ್ಲೇಂಟ್ ಬಂದಿದೆ. ಮಾತಾಡದೆ! ಗಂಟಲು ಹರಿದುಹೋಗಿದೆ ನನ್ನದು.

ಮಾರ್ಚ್ 4, ಮಂಗಳವಾರ

ಆಫೀಸಿನ ನೆಟ್‌ವರ್ಕ್‌ನವನಿಗೆ ಮೊಬೈಲಿನಿಂದ ಫೋನ್ ಮಾಡಿದೆ. ಕಂಪ್ಯೂಟರೆಲ್ಲ ನೋಡಿದ. ಸರಿಯಿದೆ.

"ನಿಮ್ಮನೆ ರೂಟರ್ ಮೇಲೇ ಡೌಟು ಮೇಡಂ. ಅದರೊಳಗೆ ಸಿಪ್ ಎಎಲ್‌ಜಿ ಅಂತ ಒಂದು ಸ್ವಿಚ್ಚಿರುತ್ತೆ. ಇಂಟರ್ನೆಟ್ ಫೋನಿಗೆ ಸಹಾಯ ಮಾಡ್ತೀನಿ ಅಂತ ಬಂದು, ದನಿ ಎಲ್ಲಿಗೆ ಹೋಗ್ಬೇಕು ಅನ್ನೋ ವಿಳಾಸಾನ ತಿದ್ದಿಬಿಡುತ್ತೆ. ನಿಮ್ಮ ದನಿ ಇನ್ನೆಲ್ಲೋ ಹೋಗಿ ಬೀಳುತ್ತೆ. ಅದನ್ನ ಆಫ್ ಮಾಡ್ಸಿ."

ಕರೆಯದೆ ಬಂದು ಕೆಲಸ ಕೆಡಿಸುವ ಸಹಾಯ! ಈ ಮನೆಗೆ ತಕ್ಕ ರೂಟರು.

ಅದಿರುವುದು ಕೆಳಗೆ, ಭಾವನ ಮನೆಯಲ್ಲಿ. ಸೊಂಟ ಮುರಿದುಕೊಂಡು ಮಲಗಿರುವ ಅತ್ತೆಯ ಕೋಣೆಯ ಶೆಲ್ಫ್ ಮೇಲೆ. ಅದರ ಯಜಮಾನಿಕೆ ಪೂರ್ತಿ ಭಾವನದು, ಇನ್ನೊಬ್ಬರು ಮುಟ್ಟುವಂತಿಲ್ಲ. ಹೋಗಿ ಹೇಳಿದೆ — ಅವರ ಮಾತು ನನಗೆ ಕೇಳಿಸುತ್ತೆ ಭಾವ, ನನ್ನ ಮಾತು ಮಾತ್ರ ಹೋಗಲ್ಲ. ಎರಡು ಸಲ ಹೇಳಿದೆ. ಟಿವಿ ನೋಡುತ್ತಾ ಹೂಂ ಹೂಂ ಅಂದರು. ಸ್ವಿಚ್ಚಿನ ಹೆಸರು ಬರೆದುಕೊಟ್ಟು ಬಂದೆ.

ಸಂಜೆ ಮೆಟ್ಟಿಲ ಕೆಳಗಿಂದಲೇ ಕೂಗಿದರು, "ಆಫ್ ಮಾಡಿದೀನಮ್ಮ! ಇನ್ನು ರೂಟರ್ ಮೇಲೆ ತಪ್ಪು ಹಾಕ್ಬೇಡ."

ಥ್ಯಾಂಕ್ಸ್ ಬೇರೆ ಹೇಳಿದೆ. ಹೋಗಿ ಕಾಫಿಯನ್ನೂ ಕೊಟ್ಟೆ.

ಮಾರ್ಚ್ 7, ಶುಕ್ರವಾರ

ಏನೂ ಬದಲಾಗಿಲ್ಲ. ಹೊಸ ಹೆಡ್‌ಸೆಟ್ ತಂದದ್ದೂ ದಂಡ. ಮೊಬೈಲ್ ನೆಟ್ಟು ನಮ್ಮ ಓಣಿಯಲ್ಲಿ ಆಮೆ, ಅದರಲ್ಲಿ ಕಾಲ್ ನಿಲ್ಲುವುದಿಲ್ಲ.

ಭಾವನನ್ನು ಮತ್ತೆ ಕೇಳಿದೆ. "ರೂಟರ್‌ಗೇನೂ ಆಗಿಲ್ಲ. ನೀನು ಸ್ವಲ್ಪ ಜೋರಾಗಿ ಮಾತಾಡೋದು ಕಲಿ."

ಇವರಿಗೆ ಹೇಳಿದರೆ — "ಅಣ್ಣ ಮಾಡಿದೀನಿ ಅಂದ್ಮೇಲೆ ಮಾಡಿರ್ತಾನೆ ಬಿಡೇ." ಗಂಡನಿಗೆ ಅಣ್ಣನೇ ದೇವರು. ಆಯಿತಲ್ಲ.

ಟೀಮ್ ಲೀಡ್ ಕೊನೆಯ ಮಾತು ಹೇಳಿಯಾಯಿತು. ತಿಂಗಳ ಕೊನೆಯೊಳಗೆ ಸರಿಹೋಗದಿದ್ದರೆ ನನ್ನ ಜಾಗಕ್ಕೆ ಬೇರೆಯವರು. ಈ ಕೆಲಸ ಹೋದರೆ ನನ್ನದು ಅಂತ ಈ ಮನೆಯಲ್ಲಿ ಏನು ಉಳಿಯುತ್ತದೆ? ಈ ಕುರ್ಚಿ, ಈ ಮುಚ್ಚಿದ ಬಾಗಿಲು, "ಏ, ಇಲ್ಲಿ ಬಾ" ಅಂತ ಯಾರೂ ಕೂಗದ ಎಂಟು ಗಂಟೆ. ಬಿಡಲಾರೆ. ಪ್ರಾಣ ಹೋದರೂ ಬಿಡಲಾರೆ.

ಮಾರ್ಚ್ 14, ಶುಕ್ರವಾರ

ಅಕ್ಷರ ಸೊಟ್ಟಗಾಗುತ್ತಿದೆ. ಆಗಲಿ.

ಪರೀಕ್ಷೆಗೆಂದು ಕಂಪ್ಯೂಟರಿನಿಂದ ಭಾವನ ಮೊಬೈಲಿಗೆ ಕಾಲ್ ಮಾಡಿದೆ. ಎತ್ತಿದರು. "ಹಲೋ... ಹಲೋ..." ನಾನಿಲ್ಲಿ "ಭಾವಾ, ಕೇಳಿಸ್ತಿದ್ಯಾ" ಅಂತ ಬಡಿದುಕೊಳ್ಳುತ್ತಿದ್ದೇನೆ.

"ಅವಳದೇ ಕಾಲು. ಏನೂ ಕೇಳಿಸ್ತಿಲ್ಲ."

ಓರಗಿತ್ತಿಯ ದನಿ: "ಕಟ್ ಮಾಡಿ ಮತ್ತೆ."

"ಮಾಡಿದ್ರೆ ಇನ್ನೊಂದ್ಸಲ ಮಾಡ್ತಾಳೆ. ಇರ್ಲಿ, ಸಾಕಾಗಿ ತಾನೇ ಇಡ್ತಾಳೆ." ಫೋನನ್ನು ಟೇಬಲ್ ಮೇಲಿಟ್ಟ ಸದ್ದು.

"ರೀ, ಆ ಸ್ವಿಚ್ಚು ನಿಜವಾಗ್ಲೂ ಆಫ್ ಮಾಡಿದ್ರಾ?"

"ನಂಗೇನು ತಲೆ ಕೆಟ್ಟಿದ್ಯಾ? ಕೆಲಸ ಹೋದ್ರೆ ಮನೇಲಿ ಬಿದ್ದಿರ್ತಾಳೆ. ಅಮ್ಮನ ಸೇವೆಗೆ ಒಂದು ಆಳು ಸಿಕ್ಕ ಹಾಗಾಯ್ತು. ಎಷ್ಟು ದಿನ ಅಂತ ನಾವೇ ಹೊರೋದು ಈ ಹೊರೆನ?"

ಅವಳು ನಕ್ಕಳು. ಕಿಸಕ್ಕನೆ.

ನನ್ನ ಮಾತು ಅವರಿಗೆ ಕೇಳದಿದ್ದರೆ ಅವರದೂ ನನಗೆ ಕೇಳುವುದಿಲ್ಲ ಅಂದುಕೊಂಡಿದ್ದಾರೆ ಮಹಾನುಭಾವರು! ಮುಖಕ್ಕೆ ಮುಖ ಕೊಟ್ಟು ಎರಡು ಸಲ ಹೇಳಿದ್ದೆ. ಕಿವಿಗೆ ಹಾಕಿಕೊಂಡಿದ್ದರೆ ತಾನೇ.

ಮನೆಹಾಳ. ನನ್ನ ಹೊಟ್ಟೆ ಉರಿಸಿದ್ದಕ್ಕೆ ಸುಮ್ಮನೆ ಬಿಡುವುದಿಲ್ಲ. ಇವರಿಗೆ ಹೇಳುವುದಿಲ್ಲ, ಹೇಳಿದರೆ ರಾಜಿ ಮಾಡಿಸಲು ನಿಲ್ಲುತ್ತಾರೆ. ನನಗೆ ರಾಜಿ ಬೇಡ. "ನಾನು ಆಫ್ ಮಾಡಿರಲಿಲ್ಲ" — ಆ ಬಾಯಿಂದಲೇ ಬರಬೇಕು. ಇವರ ಎದುರಿಗೇ ಬರಬೇಕು.

ಮಾರ್ಚ್ 15, ಶನಿವಾರ

ಊಟದ ಬಿಡುವಿನಲ್ಲಿ ಕೆಳಗೆ ಹೋದೆ. ಗಂಡ ಹೆಂಡತಿ ಹೊರಗೆ ಹೋಗಿದ್ದರು. ಅತ್ತೆಯ ತಲೆ ಬಾಚುತ್ತಿದ್ದೆ. ನಾನು ಬಾಯಿ ಬಿಡುವ ಮೊದಲೇ ಅವರು ಶುರು ಮಾಡಿದರು.

"ನಿನ್ನೆ ನನ್ನನ್ನ ಹೊರೆ ಅಂದ ಕಣೇ. ಸೊಂಟ ಮುರಿದಿದೆ, ಕಿವಿ ಚೆನ್ನಾಗೇ ಇದೆ ನಂಗೆ."

"ನಾನೂ ಕೇಳಿಸ್ಕೊಂಡೆ ಅತ್ತೆ."

ಅತ್ತೆ ಕತ್ತು ತಿರುಗಿಸಿ ನನ್ನನ್ನು ನೋಡಿದರು. ಕಣ್ಣಲ್ಲಿ ನೀರಿಲ್ಲ, ಕೆಂಡ. "ಆ ಡಬ್ಬ ಇಳಿಸು."

ರೂಟರನ್ನು ಮಗುಚಿ ಎದೆಯ ಮೇಲಿಟ್ಟುಕೊಂಡರು. ಕೆಳಗಡೆ ಅಂಟಿಸಿದ್ದ ಚೀಟಿಯಲ್ಲಿ ಪಾಸ್‌ವರ್ಡು. ಭಾವ ಅದನ್ನು ಬದಲಾಯಿಸಿಯೇ ಇಲ್ಲ, ದೊಡ್ಡ ಯಜಮಾನ! ಭೂತಗನ್ನಡಿ ಹಿಡಿದು ಅತ್ತೆ ಒಂದೊಂದೇ ಅಕ್ಷರ ಓದಿದರು, ನಾನು ಮೊಬೈಲಿನಲ್ಲಿ ಒತ್ತಿದೆ. ರೂಟರಿನ ಸೆಟ್ಟಿಂಗ್ ತೆರೆಯಿತು. ಆ ಸ್ವಿಚ್ಚು ಅಲ್ಲೇ ಇತ್ತು. ಆನ್.

ಆಫ್ ಮಾಡಿ ಮೇಲೆ ಓಡಿದೆ. ಮೊದಲನೇ ಕಾಲ್. "ನಮಸ್ಕಾರ, ಹೇಳಿ" ಅಂದೆ. "ಹಾಂ ಮೇಡಂ, ನಮ್ಮ ಮೆಷಿನ್ನು..." ಅಂತು ಆ ಕಡೆ. ಅಳುವೇ ಬಂತು.

ಕೆಳಗೆ ಬಂದು ಆಯ್ತು ಅತ್ತೆ ಅಂದೆ. "ಅಷ್ಟಕ್ಕೇ ಬಿಡ್ತೀಯಾ?" ಅಂದರು.

ಮಾರ್ಚ್ 19, ಬುಧವಾರ

ಕಂಪ್ಲೇಂಟುಗಳು ನಿಂತಿವೆ. ಟೀಮ್ ಲೀಡ್ ಹೂವಿನ ಚಿತ್ರ ಕಳಿಸಿದ್ದಾಳೆ. ಕೆಲಸ ಉಳಿಯಿತು. ಸಿಟ್ಟು ಒಂದು ಗುಲಗಂಜಿಯಷ್ಟೂ ಇಳಿದಿಲ್ಲ.

ನಾಳೆ ಭಾವನಿಗೆ ಹೆಡ್ ಆಫೀಸಿನ ಇಂಟರ್‌ವ್ಯೂ, ಬ್ರಾಂಚ್ ಮ್ಯಾನೇಜರ್ ಹುದ್ದೆಗೆ. ಮನೆಯಿಂದಲೇ, ಈ ರೂಟರ್ ಮೂಲಕವೇ; ಅವರದೂ ಇಂಟರ್ನೆಟ್ ಫೋನೇ. ಶರ್ಟಿಗೆ ಎರಡು ಸಲ ಇಸ್ತ್ರಿ. ಬೆಳಿಗ್ಗೆ ಯಾರೂ ಸದ್ದು ಮಾಡಬಾರದೆಂದು ಅಪ್ಪಣೆಯೂ ಆಗಿದೆ.

ನಾಳೆ ನನಗೆ ವಾರದ ರಜೆ. ನನ್ನ ಕಾಲ್‌ಗಳಿಲ್ಲ, ಸ್ವಿಚ್ಚು ಹೇಗಿದ್ದರೂ ನನಗೇನು.

ಮಾತ್ರೆ ಕೊಡುವ ನೆಪದಲ್ಲಿ ಅತ್ತೆಯ ಕೋಣೆಗೆ ಹೋದೆ. ಸ್ವಿಚ್ಚನ್ನು ಆನ್ ಮಾಡಿದೆ — ಭಾವ ಹೇಗೆ ಬಿಟ್ಟಿದ್ದರೋ ಹಾಗೆ, ಒಂದು ಕೂದಲೂ ಕೊಂಕದಂತೆ. ಪಾಸ್‌ವರ್ಡ್ ಮಾತ್ರ ಬದಲಾಯಿಸಿದೆ. ಏನಿಡಲಿ ಅಂತ ಅತ್ತೆಯನ್ನೇ ಕೇಳಿದೆ.

"ಹೊರೆ ಅಂತಿಡು."

ಮಾರ್ಚ್ 20, ಗುರುವಾರ, ಹತ್ತೂಕಾಲು

ಶುರುವಾಯಿತು. "ಹಲೋ ಸರ್! ನಂಗೆ ಕೇಳಿಸ್ತಿದೆ ಸರ್, ನಿಮಗೆ... ಸರ್? ಹಲೋ!" ದನಿ ಏರುತ್ತಿದೆ. ಬೀದಿಗೆಲ್ಲ ಕೇಳಿಸುತ್ತಿದೆ, ಕೇಳಿಸಬೇಕಾದವರಿಗೆ ಬಿಟ್ಟು. ಜೋರಾಗಿ ಮಾತಾಡುವುದು ಚೆನ್ನಾಗಿಯೇ ಬರುತ್ತದೆ ಭಾವನಿಗೆ. ಆಹಾ, ಹೊಟ್ಟೆ ತಣ್ಣಗಾಗುತ್ತಿದೆ.

ಇವರಿಗೆ ಇವತ್ತು ಎರಡನೇ ಪಾಳಿ. ಪೇಪರ್ ಕೆಳಗಿಟ್ಟು "ಏನದು ಗಲಾಟೆ?" ಅಂದರು. ನನಗೇನು ಗೊತ್ತು ಅಂದೆ.

ಈಗ ಕೆಳಗೆ ಸದ್ದಿಲ್ಲ. ಪಾಸ್‌ವರ್ಡ್ ಹಾಕಿ ಹಾಕಿ ನೋಡುತ್ತಿರಬೇಕು. "ಏನಾಯ್ತೋ ಕಂದಾ?" — ಅತ್ತೆಯ ದನಿ, ಬೆಣ್ಣೆ.

ಹತ್ತೂವರೆ

ಮೆಟ್ಟಿಲು ಹತ್ತಿ ಬಂದರು! ಮದುವೆಯಾಗಿ ಬಂದ ಮೇಲೆ ಇದೇ ಮೊದಲು. ಬಾಗಿಲ ಹೊರಗೆ ನಿಂತಿದ್ದಾರೆ.

"ನೋಡಮ್ಮಾ... ರೂಟರ್ ಪಾಸ್‌ವರ್ಡ್ ತಗೊಳ್ತಿಲ್ಲ. ಇನ್ನೊಂದ್ಸಲ ಫೋನ್ ಮಾಡ್ತಾರಂತೆ, ಕೊನೇ ಸಲ. ನಿಂಗೊತ್ತಿದ್ರೆ ಆ ಸ್ವಿಚ್ಚು ಆಫ್ ಮಾಡಮ್ಮ."

"ಯಾವ ಸ್ವಿಚ್ಚು ಭಾವ?"

"ಅದೇ... ನೀನು ಬರ್ಕೊಟ್ಟಿದ್ಯಲ್ಲ."

"ಅದನ್ನ ನೀವು ಆವತ್ತೇ ಆಫ್ ಮಾಡಿದ್ರಲ್ಲ?"

ಇವರು ಎದ್ದು ನಿಂತರು. ನನ್ನನ್ನು ನೋಡಿದರು, ಬಾಗಿಲನ್ನು ನೋಡಿದರು. "ಅಣ್ಣಾ?" ಅಂದರು. ಆ ದನಿಯಲ್ಲಿ ದೇವರು ಇರಲಿಲ್ಲ.

ನಾನು ಎದ್ದಿಲ್ಲ. ಬರೆಯುತ್ತಲೇ ಇದ್ದೇನೆ. ಕೆಳಗೆ ಅವರ ಫೋನು ಹೊಡೆದುಕೊಳ್ಳಲು ಶುರುವಾಗಿದೆ.

"ನಾನು ಆವತ್ತು ಅದನ್ನ..." ಅಂತ ಏನೋ ಗೊಣಗಿದರು.

"ಸ್ವಲ್ಪ ಜೋರಾಗಿ ಹೇಳಿ ಭಾವ, ಇಲ್ಲಿಗೆ ಕೇಳಿಸ್ತಿಲ್ಲ" ಅಂದೆ.